ನಿಲ್ಲುವುದನ್ನೂ ಬರೆದಿಡಬೇಕು

ಮುಂಗಾರಿನ ಹೆಸರು ಬೆಳೆಗೆ ವಿಮೆ ಕಂತು ತುಂಬುವ ಕೊನೆಯ ದಿನ. ರೋಣ ತಾಲ್ಲೂಕಿನ ಜಕ್ಕಲಿಯಂಥ ಯಾವುದೇ ಊರಿನ ಸೇವಾ ಕೇಂದ್ರದ ಮುಂದೆ ಹತ್ತು ನಿಮಿಷ ನಿಂತರೆ ಇಂಥ ಮಾತು ಕಿವಿಗೆ ಬಿದ್ದೀತು:

“ಏನಾತೋ ತಮ್ಮಾ, ಮುಗೀತೇನು?”

“ಸರ್ವರ್ ಹೋತ್ರಿ ಕಾಕಾ.”

“ರೊಕ್ಕ?”

“ರೊಕ್ಕ ಕಟ್ ಆಗೇತ್ರಿ. ಅರ್ಜಿ ನಂಬರ್ ಬಂದಿಲ್ಲ.”

“ಹಂಗಾರ ಆದಂಗೋ, ಆಗದಂಗೋ?”

“ಅದ ಗೊತ್ತಾಗವಲ್ದರಿ.”

ಸರ್ವರ್ ಹೋಗುವುದು ಹಳ್ಳಿಗೆ ಈಗ ಹೊಸ ಸುದ್ದಿಯಲ್ಲ. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವಾಗ, ಪಹಣಿ ತೆಗೆಸುವಾಗ, ಜಾತಿ-ಆದಾಯದ ಅರ್ಜಿ ಹಾಕುವಾಗ ಜನ ಅದನ್ನು ಮಳೆ ತಡವಾದಂತೆ ಸಹಿಸಿಕೊಳ್ಳಲು ಕಲಿತಿದ್ದಾರೆ. “ನಾಳೆ ಬರ್ರಿ” ಅಂದರೆ ನಾಳೆ ಬರುತ್ತಾರೆ. ಆದರೆ ಮೇಲಿನ ಮಾತುಕತೆಯಲ್ಲಿ ಕಾಕಾನ ಹೊಟ್ಟೆಗೆ ಬೆಂಕಿ ಬೀಳುವುದು ಸರ್ವರ್ ಹೋಯಿತೆಂದಾಗ ಅಲ್ಲ, ಕೊನೆಯ ಉತ್ತರ ಕೇಳಿದಾಗ. ಆಯಿತು ಅಂದರೆ ಹೊಲಕ್ಕೆ ಹೋಗಬಹುದು. ಆಗಲಿಲ್ಲ ಅಂದರೆ ಇನ್ನೊಮ್ಮೆ ತುಂಬಬಹುದು. ಗೊತ್ತಿಲ್ಲ ಅಂದರೆ ಏನು ಮಾಡಬೇಕು? ಇನ್ನೊಮ್ಮೆ ತುಂಬಿದರೆ ರೊಕ್ಕ ಎರಡು ಸಲ ಹೋದೀತು. ಸುಮ್ಮನಿದ್ದರೆ ಗಡುವು ಮುಗಿದೀತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಾಗ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತನ್ನು ವಿಮಾ ಮೊತ್ತದ ಶೇ 2ಕ್ಕೆ ಸೀಮಿತಗೊಳಿಸಿತು. ಕಂತು ಕಡಿಮೆಯೇ. ಮಳೆ ಕೈಕೊಟ್ಟ ವರ್ಷ ಮಾತ್ರ ಆ ಒಂದು ಅರ್ಜಿ ನಂಬರಿನ ಮೇಲೆ ಇಡೀ ಹಂಗಾಮು ನಿಂತಿರುತ್ತದೆ.

ಈ ‘ಗೊತ್ತಿಲ್ಲ’ದ ಹಿಂದೆ ಕುಳಿತಿರುವುದು ವೆಬ್ ಸರ್ವರ್ ಎಂಬ ಒಂದು ಪ್ರೋಗ್ರಾಮ್. ಅದನ್ನು ಬರೆಯುವುದು ಈಗ ಕಷ್ಟವಲ್ಲ. ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಬರೆದು ತೋರಿಸುತ್ತಾರೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಇಪ್ಪತ್ತು ಸಾಲು ಸಾಕು. 8080ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರು, ಯಾರಾದರೂ ಕೇಳಿದರೆ ಈ ಫಂಕ್ಷನ್ನಿಗೆ ಒಪ್ಪಿಸು, ಅದು ಡೇಟಾಬೇಸಿಗೆ ಬರೆದು ಉತ್ತರ ಕಳಿಸಲಿ. ಬ್ರೌಸರ್ ತೆರೆದರೆ ಪುಟ ಬರುತ್ತದೆ. ಗೆಳೆಯರಿಗೆ ತೋರಿಸುತ್ತಾರೆ. ಆಮೇಲೆ ಕಂಟ್ರೋಲ್-ಸಿ ಒತ್ತಿ ಎದ್ದು ಹೋಗುತ್ತಾರೆ. ಪಾಠ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯದೆ ಉಳಿದಿರುವುದು ಆ ಕಂಟ್ರೋಲ್-ಸಿ.

ಸರ್ವರ್ ನಿಲ್ಲುವುದು ಕೆಟ್ಟಾಗ ಮಾತ್ರ ಅಂತ ನಾವು ಭಾವಿಸುತ್ತೇವೆ. ಕೆಡದಿದ್ದರೂ ಅದನ್ನು ಮತ್ತೆ ಮತ್ತೆ ನಿಲ್ಲಿಸುತ್ತಾರೆ. ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಬೇಕು, ಭದ್ರತೆಯ ಲೋಪ ಮುಚ್ಚಬೇಕು, ಯಂತ್ರ ಬದಲಿಸಬೇಕು, ಸಂದಣಿ ಇಳಿದ ಮೇಲೆ ಹೆಚ್ಚಿಗೆ ಹಚ್ಚಿದ್ದ ಯಂತ್ರಗಳನ್ನು ತೆಗೆಯಬೇಕು. ಇವೆಲ್ಲ ಮನುಷ್ಯ ಗೊತ್ತಿದ್ದೇ ಕೊಡುವ ಆಜ್ಞೆಗಳು. ಸಿಡಿಲು ಬಡಿದು ನಿಂತರೆ ಯಾರನ್ನೂ ದೂರುವಂತಿಲ್ಲ. ನಾವೇ ನಿಲ್ಲಿಸುವಾಗ, ಕೈಯಲ್ಲಿ ಅರ್ಜಿ ಹಿಡಿದವನನ್ನು ನಡುದಾರಿಯಲ್ಲಿ ಬಿಟ್ಟರೆ ಅದಕ್ಕೆ ನಾವೇ ಹೊಣೆ.

ಲಿನಕ್ಸ್ ಯಂತ್ರದಲ್ಲಿ ಪ್ರೋಗ್ರಾಮನ್ನು ನಿಲ್ಲಿಸಲು ಕಳಿಸುವ ಸಂದೇಶಕ್ಕೆ ಸಿಗ್ನಲ್ ಎನ್ನುತ್ತಾರೆ. ಇಲ್ಲಿ ನೆನಪಿಡಬೇಕಾದವು ಎರಡು. 15ನೆಯದು ಸಿಗ್‌ಟರ್ಮ್. “ಮುಗಿಸಿಕೊಂಡು ಹೊರಡಪ್ಪ” ಎಂಬ ಸೂಚನೆ ಅದು. ಪ್ರೋಗ್ರಾಮ್ ಅದನ್ನು ಕೇಳಿಸಿಕೊಳ್ಳಬಹುದು, ತನ್ನ ಕೆಲಸ ಚೊಕ್ಕ ಮಾಡಿಕೊಳ್ಳಬಹುದು. 9ನೆಯದು ಸಿಗ್‌ಕಿಲ್. ಅದು ಪ್ರೋಗ್ರಾಮಿನ ಕಿವಿಗೆ ಬೀಳುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್ ಸೀದಾ ಕತ್ತು ಹಿಸುಕುತ್ತದೆ. ಕಂಟ್ರೋಲ್-ಸಿ ಒತ್ತಿದಾಗ ಹೋಗುವುದು 2ನೆಯದು, ಸಿಗ್‌ಇಂಟ್. ಅದೂ ಸೌಮ್ಯ ಸೂಚನೆಗಳ ಗುಂಪಿನದೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸೌಮ್ಯ ಸೂಚನೆಯನ್ನು ಏನು ಮಾಡಬೇಕೆಂದು ಪ್ರೋಗ್ರಾಮ್ ಬರೆದವರು ಹೇಳದಿದ್ದರೆ, ಸಾಮಾನ್ಯವಾಗಿ ಅದು ಬಂದ ಗಳಿಗೆಯಲ್ಲೇ ಪ್ರೋಗ್ರಾಮ್ ಸತ್ತುಹೋಗುತ್ತದೆ. ಕಳಿಸಿದವರು ಸೌಜನ್ಯ ತೋರಿದರೂ ಕೇಳಿಸಿಕೊಳ್ಳುವವರಿಗೆ ಪಾಠ ಆಗಿರದಿದ್ದರೆ 15ಕ್ಕೂ 9ಕ್ಕೂ ವ್ಯತ್ಯಾಸವಿಲ್ಲ.

ಹಾಗಾದರೆ ಪಾಠ ಯಾವುದು? ಸಂಜೆ ಗಿರಣಿ ಬಂದ್ ಮಾಡುವವನನ್ನು ನೋಡಿದವರಿಗೆ ಅದು ಅರ್ಧ ಬಂದಂತೆಯೇ. ಹೊಸ ಡಬ್ಬಿ ತೆಗೆದುಕೊಳ್ಳುವುದಿಲ್ಲ. ಬಾಯಿಗೆ ಸುರಿದ ಜೋಳವನ್ನು ಪೂರ್ತಿ ಬೀಸುತ್ತಾನೆ. ಹಿಟ್ಟನ್ನು ಅವರವರ ಡಬ್ಬಿಗೆ ತುಂಬಿ ಕೊಡುತ್ತಾನೆ. ಕೊನೆಗೆ ಮೋಟಾರ್ ಬಂದ್ ಮಾಡುತ್ತಾನೆ. ಸರ್ವರಿಗೂ ಇದೇ ಕ್ರಮ. ಮೊದಲು ಹೊಸ ಸಂಪರ್ಕ ಸ್ವೀಕರಿಸುವುದು ನಿಲ್ಲಬೇಕು. ಒಳಗೆ ನಡೆಯುತ್ತಿರುವ ಕೋರಿಕೆಗಳು ಉತ್ತರ ಪಡೆದು ಹೊರಡಬೇಕು. ಆಮೇಲೆ ಡೇಟಾಬೇಸಿನ ಸಂಪರ್ಕ ಮುಚ್ಚಬೇಕು. ಕಡೆಗೆ ಪ್ರೋಗ್ರಾಮ್ ಮುಗಿಯಬೇಕು. ಡೇಟಾಬೇಸನ್ನು ಮೊದಲು ಮುಚ್ಚಿ ಕೋರಿಕೆಗಳನ್ನು ಆಮೇಲೆ ಮುಗಿಸಲು ಹೊರಟರೆ, ಒಳಗಿದ್ದವರಿಗೆಲ್ಲ ದೋಷದ ಉತ್ತರವೇ ಗತಿ.

ಗೋ ಭಾಷೆಯಲ್ಲಿ ಈ ಕ್ರಮವನ್ನು ಕೈಯಿಂದ ಹೆಣೆಯಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಬಂದ 1.8ನೇ ಆವೃತ್ತಿಯಿಂದ ಅದರ ಸರ್ವರಿನೊಳಗೇ ‘ಶಟ್‌ಡೌನ್’ ಎಂಬ ಫಂಕ್ಷನ್ ಇದೆ. ಕರೆದ ಕೂಡಲೇ ಅದು ಹೊಸಬರ ಬಾಗಿಲು ಮುಚ್ಚುತ್ತದೆ. ಸುಮ್ಮನೆ ತೆರೆದಿರುವ ಸಂಪರ್ಕಗಳನ್ನು ಬಿಡಿಸುತ್ತದೆ. ಕೆಲಸದಲ್ಲಿರುವವು ಮುಗಿಯುವವರೆಗೆ ಕಾಯುತ್ತದೆ. ಆದರೂ ಹೊಸದಾಗಿ ಕಲಿಯುವವರು ಇಲ್ಲೇ ಎಡವುತ್ತಾರೆ. ಶಟ್‌ಡೌನ್ ಕರೆದ ಕ್ಷಣವೇ, ಕಿವಿಗೊಟ್ಟು ಕುಳಿತಿದ್ದ ಸಾಲು “ಸರ್ವರ್ ಮುಚ್ಚಿತು” ಎಂದು ಮರಳುತ್ತದೆ. ಮುಖ್ಯ ಫಂಕ್ಷನ್ನಿನ ಕೊನೆಯ ಸಾಲು ಅದೇ ಆಗಿದ್ದರೆ ಪ್ರೋಗ್ರಾಮ್ ಅಲ್ಲಿಗೇ ಮುಗಿದುಹೋಗುತ್ತದೆ. ಪಕ್ಕದಲ್ಲಿ ಶಟ್‌ಡೌನ್ ಇನ್ನೂ ಕಾಯುತ್ತಿರುತ್ತದೆ, ಒಳಗಿನ ಅರ್ಜಿಗಳು ಅರ್ಧಕ್ಕೇ ಹರಿದುಹೋಗಿರುತ್ತವೆ. ಆದ್ದರಿಂದ ಕಿವಿಗೊಡುವ ಕೆಲಸವನ್ನು ಬೇರೆ ಗೋರೂಟೀನಿಗೆ, ಅಂದರೆ ಸಮಾನಾಂತರವಾಗಿ ಓಡುವ ಇನ್ನೊಂದು ಎಳೆಗೆ, ವಹಿಸಬೇಕು. ಮುಖ್ಯ ಫಂಕ್ಷನ್ ಸಿಗ್ನಲ್ ಕಾಯಬೇಕು, ಬಂದಾಗ ಶಟ್‌ಡೌನ್ ಕರೆಯಬೇಕು, ಅದು ಮರಳಿದ ಮೇಲಷ್ಟೇ ಹೊರಡಬೇಕು. ವೆಬ್‌ಸಾಕೆಟ್‌ನಂಥ ಸಂಪರ್ಕಗಳಿಗೆ ಶಟ್‌ಡೌನ್ ಕಾಯುವುದಿಲ್ಲ. ಅವನ್ನು ನಾವೇ ಬಿಡಿಸಬೇಕು.

ಬರೆದದ್ದು ಸರಿಯಿದೆಯೋ ಎಂದು ನೋಡುವ ಬಗೆಯೂ ಸುಲಭ. ಹತ್ತು ಸೆಕೆಂಡ್ ಮಲಗಿ ಆಮೇಲೆ ಉತ್ತರಿಸುವ ಒಂದು ಪುಟ ಮಾಡಿ. ಒಂದು ಟರ್ಮಿನಲ್‌ನಲ್ಲಿ ಸರ್ವರ್ ಹಚ್ಚಿ, ಇನ್ನೊಂದರಿಂದ ಕರ್ಲ್ ಎಂಬ ಸಾಧನದ ಮೂಲಕ ಆ ಪುಟ ಕೇಳಿ. ಮೂರನೆಯ ಸೆಕೆಂಡಿಗೆ ಸರ್ವರಿಗೆ 15ನೇ ಸಿಗ್ನಲ್ ಕಳಿಸಿ. ಇನ್ನೊಂದು ಕರ್ಲ್‌ನಿಂದ ಹೊಸದಾಗಿ ಕೇಳಿದರೆ ಸಂಪರ್ಕ ಸಿಗಬಾರದು. ಮೊದಲನೆಯದಕ್ಕೆ ಹತ್ತನೆಯ ಸೆಕೆಂಡಿಗೆ ಉತ್ತರ ಬರಬೇಕು, ಆಮೇಲೆ ಸರ್ವರ್ ತಾನಾಗಿ ನಿಲ್ಲಬೇಕು. ಈಗ ಅದೇ ಪ್ರಯೋಗವನ್ನು 9ನೇ ಸಿಗ್ನಲ್‌ನಿಂದ ಮಾಡಿ. ಸರ್ವರ್ ಏನೂ ಹೇಳದೆ ಹೋಯಿತು ಎಂದು ಕರ್ಲ್ ತನ್ನ 52ನೇ ದೋಷ ತೋರಿಸುತ್ತದೆ. ನಮ್ಮ ಕಾಕಾ ನಿಂತದ್ದು ಇದೇ 52ರ ಮುಂದೆ.

ಕಾಯುವುದಕ್ಕೂ ಮಿತಿ ಬೇಕು. ಎಲ್ಲೋ ಒಂದು ಕೋರಿಕೆ ಸಿಕ್ಕಿಹಾಕಿಕೊಂಡರೆ ಸರ್ವರ್ ಯುಗಾಂತ್ಯದವರೆಗೆ ಕೂರುವಂತಿಲ್ಲ. ಅದಕ್ಕೆ ಶಟ್‌ಡೌನ್‌ಗೆ ಒಂದು ಗಡುವು ಕೊಡುತ್ತಾರೆ. ಪ್ರೋಗ್ರಾಮನ್ನು ನಡೆಸುವ, ನಿಲ್ಲಿಸುವ ಮೇಲಿನ ವ್ಯವಸ್ಥೆಗಳಿಗೂ ತಮ್ಮ ತಮ್ಮ ಗಡುವುಗಳಿವೆ. ನಾವು ಬೇರೆ ಹೇಳದಿದ್ದರೆ ಡಾಕರ್ ಸಾಮಾನ್ಯವಾಗಿ 10 ಸೆಕೆಂಡ್, ಕುಬರ್ನೆಟೀಸ್ 30 ಸೆಕೆಂಡ್, ಲಿನಕ್ಸಿನ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತವೆ. ಅಷ್ಟರಲ್ಲಿ ನಿಲ್ಲದಿದ್ದರೆ 9ನೆಯದು ಬರುತ್ತದೆ. ಆಗ ಡಾಕರ್, ಕುಬರ್ನೆಟೀಸ್‌ಗಳಲ್ಲಿ ನಿರ್ಗಮನದ ಸಂಖ್ಯೆ 137 ಎಂದು ದಾಖಲಾಗುತ್ತದೆ, 128ಕ್ಕೆ 9 ಕೂಡಿಸಿದ್ದು. ನಮ್ಮ ಪ್ರೋಗ್ರಾಮಿನ ಗಡುವು ಮೇಲಿನವರ ಗಡುವಿಗಿಂತ ಕಡಿಮೆ ಇರಬೇಕು. ಇಲ್ಲವಾದರೆ ನಾವು ಸಾವಧಾನವಾಗಿ ಗಂಟು ಕಟ್ಟುತ್ತಿರುವಾಗಲೇ ಕತ್ತಿ ಬಿದ್ದಿರುತ್ತದೆ.

ಇನ್ನೂ ಒಂದು ಹೆಜ್ಜೆಯಿದೆ, ಮರೆತುಹೋಗುವುದು ಅದೇ ಹೆಚ್ಚು. ದೊಡ್ಡ ಸೇವೆಗಳಲ್ಲಿ ಸರ್ವರ್ ಒಂದೇ ಇರುವುದಿಲ್ಲ. ಮುಂದೊಬ್ಬ ಲೋಡ್ ಬ್ಯಾಲೆನ್ಸರ್ ನಿಂತು ಬಂದವರನ್ನು ಹಿಂದಿನ ಹತ್ತಾರು ಸರ್ವರುಗಳಿಗೆ ಹಂಚುತ್ತಿರುತ್ತಾನೆ. ತಾನು ಹೊರಡುವ ಸುದ್ದಿ ಅವನಿಗೆ ಮುಟ್ಟುವ ಮುನ್ನವೇ ಸರ್ವರ್ ಬಾಗಿಲು ಹಾಕಿಕೊಂಡರೆ, ಅವನು ಪಾಪ ಮುಚ್ಚಿದ ಬಾಗಿಲಿಗೆ ಇನ್ನೂ ಜನರನ್ನು ಕಳಿಸುತ್ತಲೇ ಇರುತ್ತಾನೆ. ಕುಬರ್ನೆಟೀಸ್‌ನಲ್ಲಿ ಪಟ್ಟಿಯಿಂದ ಹೆಸರು ತೆಗೆಯುವುದೂ ಸಿಗ್ನಲ್ ಕಳಿಸುವುದೂ ಒಟ್ಟೊಟ್ಟಿಗೇ ನಡೆಯುವುದರಿಂದ ಈ ಎಡವಟ್ಟು ಅಲ್ಲಿ ಸಾಮಾನ್ಯ. ಮದ್ದು ಸರಳ. ಮೊದಲು “ನನ್ನ ಕಡೆ ಇನ್ನು ಕಳಿಸಬೇಡ” ಎಂದು ಸಾರಬೇಕು, ಕೆಲವು ಸೆಕೆಂಡ್ ಸುಮ್ಮನೆ ಕೆಲಸ ಮಾಡುತ್ತಿರಬೇಕು, ಆಮೇಲೆ ಬಾಗಿಲು ಹಾಕಬೇಕು. ಎಲ್ಲ ಸರ್ವರುಗಳನ್ನೂ ಒಟ್ಟಿಗೆ ನಿಲ್ಲಿಸಬೇಕಾಗಿ ಬಂದರೆ 503 ಎಂಬ ಉತ್ತರ ಕೊಟ್ಟು, ಎಷ್ಟು ಹೊತ್ತು ಬಿಟ್ಟು ಬರಬೇಕೆಂದೂ ಅದರೊಂದಿಗೇ ತಿಳಿಸಲು ಎಚ್‌ಟಿಟಿಪಿಯಲ್ಲಿ ಅವಕಾಶವಿದೆ.

ಇಷ್ಟು ಕೇಳಿದ ಮೇಲೆ ನಮ್ಮ ಕಡೆಯವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಕರೆಂಟ್ ಹೋದರ ಏನ್ ಮಾಡ್ತೀರಿ?” ಕರೆಂಟ್ 15ನೇ ಸಿಗ್ನಲ್ ಕಳಿಸಿ ಹೋಗುವುದಿಲ್ಲ. ಪ್ರಶ್ನೆ ಗಟ್ಟಿಯಾದದ್ದು. 2003ರಲ್ಲಿ ಸ್ಟ್ಯಾನ್‌ಫರ್ಡಿನ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮ್ಯಾಂಡೊ ಫಾಕ್ಸ್ ಇದನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಹಠಾತ್ತಾಗಿ ಬಿದ್ದರೂ ಎದ್ದು ನಿಲ್ಲುವಂತೆ ಪ್ರೋಗ್ರಾಮನ್ನು ಹೇಗೂ ಬರೆಯಲೇಬೇಕು. ಅಂದಮೇಲೆ ನಿಲ್ಲಿಸಲು ಪ್ರತ್ಯೇಕ ಸೌಮ್ಯ ದಾರಿ ಏಕೆ, ಬೀಳಿಸುವುದೇ ನಿಲ್ಲಿಸುವ ಒಂದೇ ದಾರಿಯಾಗಲಿ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಡೇಟಾಬೇಸುಗಳು ಮಾಡಲಿರುವ ಬದಲಾವಣೆಯನ್ನು ಮೊದಲು ಲಾಗಿನಲ್ಲಿ ಬರೆದುಕೊಂಡೇ ಮುಂದುವರಿಯುತ್ತವೆ. ನಡುವೆ ಕರೆಂಟ್ ಹೋದರೂ ಎದ್ದ ಮೇಲೆ ಆ ಲಾಗ್ ಓದಿ ಲೆಕ್ಕ ಸರಿಪಡಿಸಿಕೊಳ್ಳುತ್ತವೆ. ಸೌಮ್ಯವಾಗಿ ನಿಲ್ಲಿಸಲು ಬಂದರಾಯಿತು, ಬೀಳುವುದಕ್ಕೆ ಸಿದ್ಧತೆ ಬೇಡ ಎಂದರೆ ಅದು ಮೂರ್ಖತನ.

ಆದರೆ ಡೇಟಾ ಉಳಿದರೆ ಸಾಲದು. ಕೇಂದ್ರದ ಹುಡುಗ ಗುಂಡಿ ಒತ್ತಿದ ಮೇಲೆ ನಡೆಯುವುದನ್ನು ನೋಡಿ. ಬ್ಯಾಂಕಿನ ಸರ್ವರ್ ರೊಕ್ಕ ಕಡಿದು ತನ್ನ ಲೆಕ್ಕ ಬರೆಯುತ್ತದೆ. ವಿಮೆಯ ಸರ್ವರ್ ಅರ್ಜಿಯನ್ನು ತನ್ನ ಡೇಟಾಬೇಸಿನಲ್ಲಿ ಬರೆಯುತ್ತದೆ. ಆಮೇಲೆ ಅರ್ಜಿ ನಂಬರನ್ನು ಕೇಂದ್ರದ ತೆರೆಗೆ ಕಳಿಸುತ್ತದೆ. ಬರೆದದ್ದಕ್ಕೂ ಕಳಿಸುವುದಕ್ಕೂ ನಡುವೆ ಸೆಕೆಂಡಿನ ಒಂದು ತುಣುಕು ಇದೆ. ಸರ್ವರ್ ಅಲ್ಲೇ ಸತ್ತರೆ ಡೇಟಾ ಸುರಕ್ಷಿತ, ಅರ್ಜಿಯೂ ದಾಖಲು. ಎಂಜಿನಿಯರ್ ಲೆಕ್ಕದಲ್ಲಿ ಏನೂ ಕಳೆದಿಲ್ಲ. ಬೆಂಚಿನ ಮೇಲೆ ಕುಳಿತವನಿಗೆ ಮಾತ್ರ ಅದು ಗೊತ್ತಿಲ್ಲ. ಬಿದ್ದು ಏಳುವ ವಿದ್ಯೆ ದಾಖಲೆಯನ್ನು ಕಾಯುತ್ತದೆ, ಸೌಮ್ಯವಾಗಿ ನಿಲ್ಲುವ ವಿದ್ಯೆ ಎದುರಿಗಿರುವ ಮನುಷ್ಯನನ್ನು ಕಾಯುತ್ತದೆ. ಹಾಗಾಗಿ ಎರಡೂ ಬೇಕು. ಜೊತೆಗೆ ಪ್ರತಿ ಅರ್ಜಿಗೂ ಕೇಂದ್ರದ ಕಡೆಯಿಂದಲೇ ಒಂದು ಗುರುತು ಸಂಖ್ಯೆ ಹಚ್ಚಿ ಕಳಿಸುವಂತಿದ್ದರೆ, ಅನುಮಾನ ಬಂದಾಗ ಅದೇ ಗುರುತಿನಲ್ಲಿ ಇನ್ನೊಮ್ಮೆ ಕಳಿಸಬಹುದು. ಸರ್ವರ್ “ಇದು ಆಗಲೇ ಬಂದಿದೆ” ಎಂದು ಹಳೆಯ ನಂಬರನ್ನೇ ಮರಳಿಸುತ್ತದೆ, ರೊಕ್ಕ ಎರಡು ಸಲ ಹೋಗುವುದಿಲ್ಲ.

ಈ ಅನುಮಾನಕ್ಕೆ ಬೆಲೆಯಿದೆ ಎಂದು ರಿಸರ್ವ್ ಬ್ಯಾಂಕ್ ಒಪ್ಪಿಕೊಂಡಿದೆ. 2019ರ ಸೆಪ್ಟೆಂಬರಿನ ಅದರ ಸುತ್ತೋಲೆಯ ಪ್ರಕಾರ, ಎಟಿಎಂನಲ್ಲಿ ಖಾತೆಯಿಂದ ಹಣ ಕಡಿತವಾಗಿ ನೋಟು ಬರದಿದ್ದರೆ ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗಿ ಮರಳಬೇಕು. ಯುಪಿಐನಲ್ಲಿ ಒಬ್ಬರ ಖಾತೆಯಿಂದ ಹೋದ ಹಣ ಇನ್ನೊಬ್ಬರಿಗೆ ಮುಟ್ಟದಿದ್ದರೆ ಮರುದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡದಿದ್ದರೂ. ಹಣಕ್ಕೆ ಇಂಥ ನಿಯಮವಿದೆ. ನಡುವೆ ಹರಿದುಹೋದ ಅರ್ಜಿಗೂ ಇಷ್ಟೇ ಸ್ಪಷ್ಟವಾದ ನಿಯಮ ಏಕಿರಬಾರದು?

ಇದು ಕಂಪ್ಯೂಟರಿನವರ ಮಡಿವಂತಿಕೆ ಅನ್ನಿಸಿದರೆ ಜಕ್ಕಲಿಯ ಚರಿತ್ರೆಯನ್ನೇ ನೋಡಬಹುದು. ಕರ್ನಾಟಕ ಏಕೀಕರಣಕ್ಕಾಗಿ 1953ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟ ಅಂದಾನಪ್ಪ ದೊಡ್ಡಮೇಟಿ ಈ ಊರಿನವರು. ಅವರಂಥವರ ಹೋರಾಟ ಫಲಿಸಿ 1956ರ ನವೆಂಬರ್ 1ರಂದು ಊರಿನ ರಾಜ್ಯವೇ ಬದಲಾಯಿತು. ಹಿಂದಿನ ದಿನ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಜಕ್ಕಲಿ ಆ ದಿನ ಮೈಸೂರು ರಾಜ್ಯದಲ್ಲಿತ್ತು. ಒಂದು ದೊಡ್ಡ ಆಡಳಿತಯಂತ್ರ ಈ ಪ್ರದೇಶದ ಮಟ್ಟಿಗೆ ನಿಂತಿತು, ಇನ್ನೊಂದು ಶುರುವಾಯಿತು. ಆಗ ಮುಂಬಯಿ ಹೈಕೋರ್ಟಿನಲ್ಲಿ ಮೇಲ್ಮನವಿ ಹಾಕಿದ್ದ ಇಲ್ಲಿಯ ಕಕ್ಷಿದಾರನ ಗತಿ ಏನು? ಮುಂಬಯಿಯ ಗೇಣಿ ಕಾಯ್ದೆ ನಂಬಿ ಹೊಲ ಉಳುತ್ತಿದ್ದವನ ಹಕ್ಕು ಏನಾಗಬೇಕು?

ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬರೆದವರು ಇದನ್ನು ಯೋಚಿಸಿದ್ದರು. ಕಾಯ್ದೆಗೆ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಜಾರಿಯ ದಿನಕ್ಕೆ ಎರಡು ತಿಂಗಳು ಮೊದಲೇ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಬದಲಿಸುವವರೆಗೆ ಆಯಾ ಪ್ರದೇಶದಲ್ಲಿ ಹಳೆಯ ಕಾನೂನುಗಳೇ ನಡೆಯಲಿ ಎಂದು ಅದರ 119ನೇ ಸೆಕ್ಷನ್ ಹೇಳಿತು. ಮುಂಬಯಿ ಹೈಕೋರ್ಟಿನ ಬಾಕಿ ಪ್ರಕರಣಗಳಲ್ಲಿ ಇತ್ತ ಸೇರಬೇಕಾದವನ್ನು ಮೈಸೂರು ಹೈಕೋರ್ಟಿಗೆ ವರ್ಗಾಯಿಸಲು ದಾರಿ ಇತ್ತು. ನೌಕರರ ಹಂಚಿಕೆಗೂ ಕ್ರಮವಿತ್ತು. ಹೀಗಾಗಿ 1948ರ ಮುಂಬಯಿ ಗೇಣಿ ಕಾಯ್ದೆ ಏಕೀಕರಣದ ನಂತರವೂ ಮುಂಬಯಿ ಕರ್ನಾಟಕದಲ್ಲಿ ನಡೆಯಿತು. ಮೈಸೂರಿನ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಾಗ ಅದು ನಿಂತಿತು. ಕುಬರ್ನೆಟೀಸಿನ ಗಡುವು 30 ಸೆಕೆಂಡ್, ರಾಜ್ಯವೊಂದರ ಗಡುವು ಒಂಬತ್ತು ವರ್ಷದ ಹತ್ತಿರ. ಎರಡರಲ್ಲೂ ವಿವೇಕ ಒಂದೇ: ನಿಲ್ಲಿಸುವವನ ಅವಸರ ನೋಡಿ ಗಡುವು ಇಡಬಾರದು, ಕೈಯಲ್ಲಿರುವ ಕೆಲಸ ನೋಡಿ ಇಡಬೇಕು.

ಈ ವಿವೇಕ ತಾನಾಗಿ ಬರುವುದಿಲ್ಲ, ಯಾರಾದರೂ ಮೊದಲೇ ಕುಳಿತು ಬರೆದಿರಬೇಕು. ಏಕೀಕರಣದ ಉತ್ಸಾಹದಲ್ಲಿ ಬಾಕಿ ಪ್ರಕರಣಗಳ ಕಲಮು ಯಾರಿಗೆ ರುಚಿಸೀತು? ಭಾಷಣಕ್ಕೆ ಅದು ಒದಗುವಂಥದ್ದಲ್ಲ. ಪ್ರೋಗ್ರಾಮಿನಲ್ಲೂ ಹಾಗೆಯೇ. ಹೊಸ ಪೋರ್ಟಲ್ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಗುಂಡಿ ಒತ್ತುತ್ತಾರೆ, ಪುಟ ತೆರೆಯುತ್ತದೆ, ಚಪ್ಪಾಳೆ ಬೀಳುತ್ತದೆ. ಅದು ಹೇಗೆ ನಿಲ್ಲುತ್ತದೆ ಎಂದು ಆ ದಿನ ಯಾರೂ ಕೇಳುವುದಿಲ್ಲ.

ಕೇಳಬೇಕು. ಪಾಠ ಹೇಳುವ ಮೇಷ್ಟರು ಮೊದಲ ಸರ್ವರ್ ಬರೆಸಿದ ದಿನವೇ ಅದನ್ನು ನಿಲ್ಲಿಸುವುದನ್ನೂ ಬರೆಸಬೇಕು, ಹತ್ತು ಸೆಕೆಂಡಿನ ಪುಟದ ಪ್ರಯೋಗ ಮಾಡಿಸಿ ಅಂಕ ಕೊಡಬೇಕು. ಗುತ್ತಿಗೆದಾರನಿಂದ ಪೋರ್ಟಲ್ ವಹಿಸಿಕೊಳ್ಳುವ ಅಧಿಕಾರಿಗಳಿಗೆ ಕೋಡ್ ಓದಲು ಬರಬೇಕಾಗಿಲ್ಲ. “ನೂರು ಅರ್ಜಿ ನಡೆಯುತ್ತಿರುವಾಗ ನಮ್ಮೆದುರು ಇದನ್ನು ನಿಲ್ಲಿಸಿ ತೋರಿಸಿ. ನೂರರಲ್ಲಿ ಎಷ್ಟಕ್ಕೆ ‘ಆಯಿತು’ ಬಂತು, ಎಷ್ಟಕ್ಕೆ ‘ಆಗಲಿಲ್ಲ’ ಬಂತು, ಲೆಕ್ಕ ಕೊಡಿ” ಎಂದರೆ ಸಾಕು. ಎರಡೂ ಕೂಡಿ ನೂರಾಗದಿದ್ದರೆ ಬಿಲ್ಲಿಗೆ ಸಹಿ ಹಾಕಬಾರದು.